ಟೆಂಪಲ್ ಸ್ಕ್ವೇರ್‌ನಲ್ಲಿ ಮಿಷನರಿಯಾಗಿದ್ದಾಗ ನನ್ನ ಒಂದು ವಾರ

ಮಾರ್ಮನ್ ಮಿಷನರಿ ಅಂದ ಕೂಡಲೇ ಬಿಳಿ ಶರ್ಟು, ಟೈ ಹಾಕಿಕೊಂಡು ಸೈಕಲ್ ತುಳಿಯುವ ಇಬ್ಬರು ಹುಡುಗರು ಎಲ್ಲರ ಕಣ್ಣ ಮುಂದೆ ಬರುತ್ತಾರೆ. ನಾನು ಹುಡುಗಿ, ಬೆಂಗಳೂರಿನವಳು, ನನಗೆ ಸೈಕಲ್ಲೇ ಬರುವುದಿಲ್ಲ. 2018ರ ಮಧ್ಯದಿಂದ 2019ರ ಕೊನೆಯವರೆಗೆ ಅಮೆರಿಕದ ಯೂಟಾ ರಾಜ್ಯದಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ನಮ್ಮ ಚರ್ಚಿನ ದೇವಾಲಯ ಇರುವ ಚೌಕವಾದ ಟೆಂಪಲ್ ಸ್ಕ್ವೇರ್‌ನಲ್ಲಿ ಮಿಷನರಿಯಾಗಿದ್ದೆ. ನೆಂಟರು, ಕಾಲೇಜಿನ ಗೆಳತಿಯರು ಇವತ್ತಿಗೂ ಕೇಳುವುದು ಒಂದೇ: "ಅಲ್ಲಿ ದಿನವಿಡೀ ಏನು ಮಾಡ್ತಿದ್ದೆ?" ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ಇದು ಬೋಧನೆ ಅಲ್ಲ, ಕೆಲಸದ ವಿವರ ಅಷ್ಟೇ.

ನಮ್ಮ ಚರ್ಚಿನ ಪೂರ್ತಿ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ನಾನು ಅಲ್ಲಿಗೆ ಹೋದ ಸ್ವಲ್ಪ ದಿನಕ್ಕೇ, 2018ರ ಅಕ್ಟೋಬರ್‌ನಲ್ಲಿ, ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಅವರು 'ಮಾರ್ಮನ್' ಅನ್ನುವ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರನ್ನೇ ಬಳಸಿ ಅಂದರು. ನಮ್ಮ ಚರ್ಚಿನ ಹೆಸರಾಂತ ಗಾಯನ ತಂಡ ಮಾರ್ಮನ್ ಟ್ಯಾಬರ್ನಾಕಲ್ ಕಾಯರ್ ಕೂಡ ಹೆಸರು ಬದಲಾಯಿಸಿಕೊಂಡಿತು. ಆದರೂ ಬಂದವರೆಲ್ಲ ಮಾರ್ಮನ್ ಅಂತಲೇ ಕರೆಯುತ್ತಿದ್ದರು. ಇಲ್ಲಿ ಓದುವವರ ಅನುಕೂಲಕ್ಕೆ ನಾನೂ ಅದನ್ನೇ ಬಳಸಿದ್ದೇನೆ.

ಎಲ್ಲಿಗೆ ಹೋಗಬೇಕು ಅಂತ ಮಿಷನರಿ ಆರಿಸುವ ಹಾಗಿಲ್ಲ. ಅರ್ಜಿ ಹಾಕುತ್ತೀರಿ, ಊರಿನ ಹೆಸರು ಬರುತ್ತದೆ, ಹೊರಡುತ್ತೀರಿ. ಆಗಿನ ನಿಯಮದ ಪ್ರಕಾರ ಹುಡುಗರು 18ಕ್ಕೆ, ಹುಡುಗಿಯರು 19ಕ್ಕೆ ಹೋಗಬಹುದಿತ್ತು. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಸಂಬಳ ಇಲ್ಲ. ಉಲ್ಟಾ, ಖರ್ಚಿಗೆ ನಾವೇ ಕೊಡಬೇಕು. ಅಮೆರಿಕದವರು ಆಗ ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದರು, ನಮ್ಮಂಥವರು ಕೈಲಾದಷ್ಟು. ಪ್ರೋವೊ ನಗರದ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಪಾಠ ಮಾಡಿ ಚೌಕಕ್ಕೆ ಕಳಿಸಿದರು.

ಟೆಂಪಲ್ ಸ್ಕ್ವೇರ್ ಮಿಷನ್‌ನಲ್ಲಿ ಆಗ ಯುವ ಮಿಷನರಿಗಳೆಲ್ಲ ಹುಡುಗಿಯರೇ. ಎಲ್ಲರನ್ನೂ 'ಸಿಸ್ಟರ್' ಅಂತ ಕರೆಯುತ್ತಾರೆ. ಎದೆಯ ಮೇಲೆ ಕಪ್ಪು ನೇಮ್ ಟ್ಯಾಗ್, ಜೊತೆಗೆ ಅವರವರ ದೇಶದ ಪುಟ್ಟ ಬಾವುಟ. ಮೂವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಬಂದವರಿಗೆ ಚೌಕ ತೋರಿಸಬಹುದು ಅನ್ನುವುದು ಅಲ್ಲಿನ ಹೆಮ್ಮೆ. ಆ ಬಾವುಟ ಬಹಳ ಕೆಲಸ ಮಾಡುತ್ತದೆ. ಬ್ರೆಜಿಲ್‌ನವರು ಬ್ರೆಜಿಲ್ ಬಾವುಟ ಹುಡುಕಿಕೊಂಡು ಹೋಗುತ್ತಾರೆ, ನಮ್ಮವರು ತ್ರಿವರ್ಣ ಕಂಡು ನನ್ನ ಹತ್ತಿರ ಬರುತ್ತಿದ್ದರು.

ದಿನದ ಚೌಕಟ್ಟು ಎಲ್ಲ ಮಿಷನ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಆಮೇಲೆ ಸ್ನಾನ, ತಿಂಡಿ, ಒಬ್ಬರೇ ಕೂತು ಓದುವುದು, ನಂತರ ಜೊತೆಗಾತಿಯ ಜೊತೆ ಓದುವುದು. ಅಷ್ಟು ಮುಗಿಸಿ ಹೊರಗೆ ಹೊರಟರೆ ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮನೆ. ನಾಳೆಯ ಕೆಲಸ ಬರೆದಿಟ್ಟು ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಸಿನಿಮಾ ಹಾಡೂ ಇಲ್ಲ, ಪ್ರೀತಿ ಪ್ರೇಮ ಅಂತೂ ಇಲ್ಲವೇ ಇಲ್ಲ.

ಇವೆಲ್ಲ ಒಂದು ವಾರದಲ್ಲಿ ರೂಢಿಯಾಗುತ್ತವೆ. ರೂಢಿಯಾಗದೆ ಉಳಿಯುವುದು ಜೊತೆಗಾತಿ. ಅವಳನ್ನೂ ನಾವು ಆರಿಸುವಂತಿಲ್ಲ. ಬಚ್ಚಲುಮನೆ ಬಿಟ್ಟರೆ ಒಬ್ಬರ ಕಣ್ಣಿಗೆ ಒಬ್ಬರು ಬೀಳುವ ಹಾಗೇ ಇರಬೇಕು. ಅಂಗಡಿಗೆ ಹೋದರೂ ಇಬ್ಬರು, ಡಾಕ್ಟರ ಹತ್ತಿರ ಹೋದರೂ ಇಬ್ಬರು. ನನ್ನನ್ನು ಕೇಳಿದರೆ ಮಿಷನ್ ಅಂದರೆ ಮುಕ್ಕಾಲು ಪಾಲು ಇದೇ.

ನಾನು ಹೇಳುತ್ತಿರುವ ವಾರ 2019ರ ಚಳಿಗಾಲದ್ದು. ಆಗ ನನ್ನ ಜೊತೆಗಾತಿ ಮಂಗೋಲಿಯಾದ ಹುಡುಗಿ. ಮಾತು ಕಮ್ಮಿ, ನಗು ಜಾಸ್ತಿ. ಅವಳಿಗೆ ಆ ಚಳಿ ಚಳಿಯೇ ಅಲ್ಲ. ನಾನು ಸ್ವೆಟರ್ ಮೇಲೆ ಕೋಟು, ಕೋಟಿನ ಮೇಲೆ ಶಾಲು ಸುತ್ತಿಕೊಂಡು ನಡುಗುತ್ತಾ ನಿಲ್ಲುತ್ತಿದ್ದೆ. ಪುಣ್ಯಕ್ಕೆ 2018ರ ಡಿಸೆಂಬರ್‌ನಲ್ಲಿ ಸಿಸ್ಟರ್‌ಗಳು ಪ್ಯಾಂಟ್ ಹಾಕಿಕೊಳ್ಳಬಹುದು ಅಂತ ನಿಯಮ ಬಂತು. ಅದಕ್ಕೂ ಮೊದಲು ಹಿಮದಲ್ಲೂ ಸ್ಕರ್ಟೇ. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಹಬ್ಬ.

ಚೌಕದಲ್ಲಿ ಕೆಲಸ ಪಾಳಿಯ ಪ್ರಕಾರ. ಒಂದು ಪಾಳಿ ಗೇಟಿನ ಹತ್ತಿರ, ಒಂದು ಆಗ ಅಲ್ಲಿದ್ದ ವಿಸಿಟರ್ಸ್ ಸೆಂಟರ್‌ನ ಬಿಳಿ ಕ್ರಿಸ್ತನ ಪ್ರತಿಮೆಯ ಹತ್ತಿರ, ಒಂದು ಫೋನು ಮತ್ತು ಕಂಪ್ಯೂಟರ್ ಮುಂದೆ. ಗೇಟಿನಲ್ಲಿ ನಿಂತವರು ಬಂದವರನ್ನು ಮಾತಾಡಿಸಿ, ಇಷ್ಟಪಟ್ಟರೆ ಸುತ್ತಾಡಿಸಬೇಕು. ಪ್ರಶ್ನೆಗಳು ಯಾವಾಗಲೂ ಅವೇ. ದೇವಾಲಯ ಕಟ್ಟಲು ಎಷ್ಟು ವರ್ಷ ಹಿಡಿಯಿತು? 1853ರಿಂದ 1893, ನಲವತ್ತು ವರ್ಷ. ಕಲ್ಲು ಎಲ್ಲಿಂದ ಬಂತು? ಲಿಟಲ್ ಕಾಟನ್‌ವುಡ್ ಕಣಿವೆಯಿಂದ, ಮೊದಲು ಎತ್ತಿನ ಗಾಡಿಯಲ್ಲಿ, ಆಮೇಲೆ ರೈಲಿನಲ್ಲಿ. ಇಷ್ಟು ಕೇಳಿದ ಮೇಲೆ ಗಂಡಸರೊಬ್ಬರು ಹಲ್ಲು ಕಿರಿಯುತ್ತಾ ಮುಖ್ಯ ಪ್ರಶ್ನೆಗೆ ಬರುತ್ತಾರೆ: ನಿಮ್ಮಲ್ಲಿ ಗಂಡಸರಿಗೆ ಎಷ್ಟು ಹೆಂಡತಿಯರು?

ಹೊಸಬರು ಇದಕ್ಕೆ ಮುಖ ಕೆಂಪಗೆ ಮಾಡಿಕೊಳ್ಳುತ್ತಾರೆ. ನಾನು ಕಲಿತ ದಾರಿ ಬಹಳ ಸರಳ. ಸುತ್ತಿ ಬಳಸದೆ ಉತ್ತರ ಕೊಡುವುದು. "ಹಿಂದೆ ಇತ್ತು. 1890ರಲ್ಲಿ ಅದನ್ನು ನಿಲ್ಲಿಸುವ ಘೋಷಣೆ ಆಯಿತು. ಈಗ ಯಾರಾದರೂ ಹಾಗೆ ಮಾಡಿದರೆ ಚರ್ಚಿನಿಂದ ಹೊರಗೆ." ಇಷ್ಟೇ. ಇದಕ್ಕಿಂತ ಉದ್ದ ಹೇಳಿದರೆ ವಾದ ಶುರುವಾಗುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್‌ನ ಮಹಾಸಭೆಯ ವಾರಾಂತ್ಯಗಳಲ್ಲಿ ವಾದಕ್ಕೇನೂ ಬರ ಇರುವುದಿಲ್ಲ. ಎದುರಿನ ಕಾನ್ಫರೆನ್ಸ್ ಸೆಂಟರ್‌ನಲ್ಲಿ ಸುಮಾರು 21,000 ಜನ ಕೂರುತ್ತಾರೆ, ಹೊರಗೆ ಫುಟ್‌ಪಾತಿನಲ್ಲಿ ನಮ್ಮ ವಿರೋಧಿಗಳು ಫಲಕ ಹಿಡಿದು ಕೂಗುತ್ತಾರೆ. ಸುಮ್ನೆ ದಾಟಿ ಹೋಗಬೇಕು. ಮಂಗೋಲಿಯಾದವಳು ಅವರಿಗೂ ನಮಸ್ಕಾರ ಹೇಳಿ ಹೋಗುತ್ತಿದ್ದಳು.

ಆ ವಾರದ ಮಂಗಳವಾರ ಮೈಸೂರು ಕಡೆಯ ಒಂದು ಕುಟುಂಬ ಬಂತು. ಮಗ ಸೊಸೆ ಹತ್ತಿರದ ಲೀಹೈ ಊರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು, ಆ ಕಡೆ ಐಟಿ ಕಂಪನಿಗಳು ಬಹಳ. ಜೊತೆಗೆ ಮಗನ ಅಮ್ಮ, ರೇಷ್ಮೆ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಮೇಲೆ ಮಗನದೇ ಇರಬೇಕು ಅನ್ನಿಸುವಂಥ ದೊಡ್ಡ ಜಾಕೆಟ್. ಬಾವುಟ ನೋಡಿ ನಿಂತರು.

"ಇಂಡಿಯಾನಾ? ಯಾವೂರು?"

"ಬೆಂಗಳೂರು ಆಂಟಿ."

"ಅಯ್ಯೋ, ಕನ್ನಡದವಳೇ!"

ಅಲ್ಲಿಗೆ ಪ್ರವಾಸ ಕನ್ನಡಕ್ಕೆ ತಿರುಗಿತು. ದೇವಾಲಯದ ಮುಂದೆ ನಿಂತು ಒಳಗೆ ಯಾವಾಗ ಬಿಡುತ್ತಾರೆ ಅಂದರು. ಒಳಗೆ ಸದಸ್ಯರಿಗೆ ಮಾತ್ರ, ಅದರಲ್ಲೂ ಅನುಮತಿ ಚೀಟಿ ಪಡೆದವರಿಗೆ ಮಾತ್ರ ಅಂದೆ. ಅಮೆರಿಕದವರಾದರೆ ಇಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ಆಂಟಿ ಮಾತ್ರ "ನಮ್ಮಲ್ಲೂ ಗರ್ಭಗುಡಿಗೆ ಎಲ್ಲರನ್ನೂ ಬಿಡ್ತಾರಾ, ಬಿಡು" ಅಂದು ಮುಂದೆ ನಡೆದರು. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೂ ಇಂಥದ್ದೊಂದು ದೇವಾಲಯ ಘೋಷಣೆಯಾಗಿದೆ, ಭಾರತಕ್ಕೆ ಅದೇ ಮೊದಲನೆಯದು ಅಂತ ಹೇಳಿದೆ. "ಬೆಂಗಳೂರಲ್ಲಿ ಜಾಗ ಸಿಕ್ತಾ?" ಅಂತ ಮಗ ಕೇಳಿದ. ನಾನು ಕೇಳಿದ ಪ್ರಶ್ನೆಗಳಲ್ಲಿ ಇದೇ ಬೆಸ್ಟು.

ಬೆಂಚಿನ ಮೇಲೆ ಕೂತಾಗ ಆಂಟಿ ಬ್ಯಾಗಿನಿಂದ ಫ್ಲಾಸ್ಕ್ ತೆಗೆದರು. ಮುಚ್ಚಳ ತಿರುಗಿಸಿದ ಕೂಡಲೇ ಡಿಕಾಕ್ಷನ್ ವಾಸನೆ ಬಂತು, ಚಿಕೋರಿ ಬೆರೆತ ಅದೇ ವಾಸನೆ. ನಮ್ಮ ಚರ್ಚಿನಲ್ಲಿ ಕಾಫಿ, ಟೀ, ಹೆಂಡ, ತಂಬಾಕು ಯಾವುದೂ ಇಲ್ಲ. ಬೇಡ ಅಂದೆ. "ಬೆಂಗಳೂರಿನ ಹುಡುಗಿ ಕಾಫಿ ಬೇಡ ಅಂದ್ರೆ ಯಾರಮ್ಮ ನಂಬ್ತಾರೆ?" ಅಂದವರು ಬದಲಿಗೆ ಚಕ್ಕುಲಿ ಕೊಟ್ಟರು. ಅದನ್ನು ಬೇಡ ಅನ್ನುವ ನಿಯಮ ಎಲ್ಲೂ ಇಲ್ಲ. ಜೊತೆಗಾತಿಗೂ ಎರಡು ಸಿಕ್ಕಿತು. ಆಮೇಲೆ ಮದುವೆ ಯಾವಾಗ, ಅಪ್ಪ ಅಮ್ಮ ಒಪ್ಪಿ ಕಳಿಸಿದ್ರಾ, ಊಟಕ್ಕೆ ಏನು ಮಾಡ್ತೀಯ ಅಂತ ವಿಚಾರಣೆ ನಡೆಯಿತು. ಧರ್ಮದ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನಾನೂ ಎಳೆದು ತರಲಿಲ್ಲ. ಅತಿಥಿ ಕೇಳದ ಪ್ರಶ್ನೆಗೆ ಉತ್ತರ ಕೊಡುವವಳು ಒಳ್ಳೆ ಮಿಷನರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದ ಸಿಸ್ಟರ್‌ಗಳೂ ಇದ್ದರು.

ಬುಧವಾರ ನಮ್ಮ ಪಿ-ಡೇ, ಅಂದರೆ ಬಟ್ಟೆ ಒಗೆಯುವ, ದಿನಸಿ ತರುವ, ಮನೆಗೆ ಪತ್ರ ಬರೆಯುವ ದಿನ. ಬೇರೆ ಕಡೆ ಸಾಮಾನ್ಯವಾಗಿ ಸೋಮವಾರ. ಚೌಕ ವಾರವಿಡೀ ತೆರೆದಿರುವುದರಿಂದ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ಸಂಜೆ ಆರಕ್ಕೆ ಅದೂ ಮುಗಿಯುತ್ತದೆ. ಅನ್ನ, ಅಮ್ಮ ಕಳಿಸಿದ ಸಾಂಬಾರ್ ಪುಡಿ, ಅಲ್ಲಿ ಸಿಗುವ ಗ್ರೀಕ್ ಮೊಸರು. ಇದರಲ್ಲೇ ಒಂದು ವಾರದ ಅಡುಗೆ ಹೇಗೋ ಹೊಂದುತ್ತಿತ್ತು.

ಮೊದಲೆಲ್ಲ ಮನೆಗೆ ವಾರಕ್ಕೊಂದು ಇಮೇಲ್ ಮಾತ್ರ. ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರವರಿ 15ರಂದು ನಿಯಮ ಸಡಿಲವಾಯಿತು. ಪ್ರತಿ ಪಿ-ಡೇ ದಿನ ಫೋನೋ ವಿಡಿಯೋ ಕರೆಯೋ ಮಾಡಬಹುದು. ಚಳಿಗಾಲದಲ್ಲಿ ಸಾಲ್ಟ್ ಲೇಕ್‌ನ ಬೆಳಗ್ಗೆ ಎಂಟು ಅಂದರೆ ನಮ್ಮೂರಿನ ರಾತ್ರಿ ಎಂಟೂವರೆ. ಮೊದಲ ಕರೆಯಲ್ಲಿ ಅಮ್ಮ ಅತ್ತಳು, ನಾನೂ ಅತ್ತೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ "ಸರಿ, ಇನ್ನೇನು ಸಮಾಚಾರ?" ಅನ್ನುವ ಹಂತಕ್ಕೆ ಬಂದಿದ್ದೆವು. ನಿಜ ಹೇಳಬೇಕೆಂದರೆ ನನಗೆ ಪತ್ರಗಳೇ ಹಿಡಿಸಿದ್ದವು. ಬರೆಯುವಾಗ ವಾರ ಏನಾಯಿತು ಅಂತ ನೆನಪು ಮಾಡಿಕೊಳ್ಳಬೇಕು. ಫೋನಿನಲ್ಲಿ ಪಕ್ಕದ ಮನೆಯ ನಲ್ಲಿ ರಿಪೇರಿ ವಿಷಯದಲ್ಲೇ ಟೈಮ್ ಹೋಗಿಬಿಡುತ್ತದೆ. ಅಮ್ಮನನ್ನು ಕೇಳಿದರೆ ಬೇರೆ ಮಾತು ಹೇಳುತ್ತಾಳೆ.

ಗುರುವಾರ ಸಂಜೆ ಟ್ಯಾಬರ್ನಾಕಲ್‌ನಲ್ಲಿ ಕಾಯರ್‌ನ ಅಭ್ಯಾಸ. ಯಾರು ಬೇಕಾದರೂ ಬಂದು ಕೂತು ಕೇಳಬಹುದು. 1867ರಲ್ಲಿ ತೆರೆದ ಆ ಸಭಾಂಗಣದ ಚಾವಣಿ ದೊಡ್ಡ ಕಮಾನಿನಂತಿದೆ, ಒಳಗೆ ನಡುವೆ ಒಂದು ಕಂಬವೂ ಇಲ್ಲ. ಆರ್ಗನ್‌ಗೆ 11,623 ಕೊಳವೆಗಳು. ಅಲ್ಲಿನ ಪಾಳಿ ಬಂದಾಗ ಮೈಕ್ ಇಲ್ಲದೆ ಮುಂದೆ ನಿಂತು ಒಂದು ಕಾಗದ ಹರಿಯಬೇಕು, ಆಮೇಲೆ ಗುಂಡುಪಿನ್ನು ಬೀಳಿಸಬೇಕು. ಕೊನೆಯ ಸಾಲಿನವರಿಗೂ ಟಣ್ ಅಂತ ಕೇಳುತ್ತದೆ.

ಶುಕ್ರವಾರಕ್ಕೆ ಬಂದೆ. ವಾರದ ಯೋಜನೆ ಹಾಕುವ ದಿನ, ನನ್ನ ಮಟ್ಟಿಗೆ ವಾರದ ಅಸಲಿ ಕೆಲಸ ಇಲ್ಲೇ. ಇಬ್ಬರೂ ಅಡುಗೆಮನೆಯ ಮೇಜಿನ ಎದುರುಬದುರು ಕೂರುತ್ತೇವೆ. ಯಾರಿಗೆ ಫೋನ್ ಮಾಡಬೇಕು, ಯಾರು ನಮ್ಮ ಧರ್ಮಗ್ರಂಥ 'ಬುಕ್ ಆಫ್ ಮಾರ್ಮನ್' ಪುಸ್ತಕ ಕೇಳಿದ್ದಾರೆ, ಯಾರು ಉತ್ತರ ಕೊಡುತ್ತಿಲ್ಲ, ಎಲ್ಲ ಒಂದೊಂದಾಗಿ ನೋಡುತ್ತೇವೆ. ಕೊನೆಗೆ 'ಕಂಪ್ಯಾನಿಯನ್‌ಶಿಪ್ ಇನ್ವೆಂಟರಿ'. ಮೊದಲು ಪ್ರಾರ್ಥನೆ. ಆಮೇಲೆ ಒಬ್ಬರಲ್ಲಿ ಒಬ್ಬರು ಮೆಚ್ಚಿದ್ದು ಹೇಳಬೇಕು. ಆಮೇಲೆ ಕಷ್ಟವಾಗಿದ್ದು. ಮೊದಲನೆಯದು ಸಲೀಸು. ಎರಡನೆಯದಕ್ಕೆ ಬಂದಾಗ ಗಡಿಯಾರದ ಸದ್ದು ಕೇಳಿಸತೊಡಗುತ್ತದೆ.

ಆ ವಾರ ಅವಳೇ ಬಾಯಿ ಬಿಟ್ಟಳು. ಇಂಗ್ಲಿಷ್ ವಾಕ್ಯ ಅವಳ ತಲೆಯಲ್ಲಿ ತಯಾರಾಗಿ ಬಾಯಿಗೆ ಬರುವಷ್ಟರಲ್ಲಿ ಬಂದವರು ನನ್ನ ಕಡೆ ತಿರುಗಿರುತ್ತಾರಂತೆ. ನನಗಿದ್ದ ತಕರಾರು ಅವಳ ಪ್ರತಿಮೆಯ ಭಾಗ ಉದ್ದವಾಗಿ ಮುಂದಿನ ಗುಂಪು ಕಾಯುತ್ತದೆ ಅನ್ನುವುದು. ಎರಡೂ ಒಂದೇ ಸಮಸ್ಯೆಯ ಎರಡು ತುದಿ, ಅಲ್ವಾ? ಹಾಳೆ ತೆಗೆದು ಪ್ರವಾಸವನ್ನು ಮತ್ತೆ ಹಂಚಿದೆವು. ಪ್ರತಿಮೆಯ ಹತ್ತಿರ ಅವಳು ಮೂರೇ ವಾಕ್ಯ ಹೇಳುವುದು, ಅದನ್ನು ಬೆಳಗಿನ ಓದಿನಲ್ಲಿ ಬಾಯಿಪಾಠ ಮಾಡುವುದು. ಪ್ರಶ್ನೆ ಬಂದರೆ ನಾನು ಅವಳ ಮುಖ ನೋಡುವುದು, ಅವಳು ತಲೆ ಅಲ್ಲಾಡಿಸಿದರೆ ಮಾತ್ರ ಬಾಯಿ ತೆರೆಯುವುದು. ಟ್ಯಾಬರ್ನಾಕಲ್‌ನಲ್ಲಿ ಗುಂಡುಪಿನ್ನು ಪೂರ್ತಿ ಅವಳದೇ.

ಶನಿವಾರ ಪ್ರಯೋಗ ಮಾಡಿದೆವು. ಅವಳು ಮುಂದೆ ನಿಂತು ಏನೂ ಹೇಳದೆ ಪಿನ್ನನ್ನು ಮೇಲೆತ್ತಿ ಎಲ್ಲರನ್ನೂ ಒಂದು ಸುತ್ತು ನೋಡಿದಳು. ಮಕ್ಕಳೂ ಗಪ್‌ಚುಪ್. ಆಮೇಲೆ ಬಿಟ್ಟಳು. ನಾನು ಮಾಡಿದಾಗ ಯಾವತ್ತೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ನಾನು ಮೊದಲೇ ವಿವರಣೆ ಕೊಟ್ಟು ಅದರ ರುಚಿ ಕೆಡಿಸುತ್ತಿದ್ದೆನೇನೋ.

ಭಾನುವಾರ ಹತ್ತಿರದ ಚರ್ಚಿನಲ್ಲಿ ಆರಾಧನೆ. ಆ ವರ್ಷದ ಜನವರಿಯಿಂದ ಅದನ್ನು ಮೂರು ಗಂಟೆಯಿಂದ ಎರಡಕ್ಕೆ ಇಳಿಸಿದ್ದರು, ಬ್ರೆಡ್ಡು ಮತ್ತು ನೀರಿನ ಸಂಸ್ಕಾರವೂ ಅದರಲ್ಲೇ. ತಿಂಗಳ ಮೊದಲ ಭಾನುವಾರ ಉಪವಾಸ. ಸಂಜೆ ಫೋನಿನ ಪಾಳಿ. ಪುಸ್ತಕ ಬೇಕು ಅಂತ ಹೆಸರು ಕೊಟ್ಟವರಿಗೆ ಕರೆ ಮಾಡಿದರೆ ಅರ್ಧ ಜನ ಎತ್ತುವುದಿಲ್ಲ, ಎತ್ತಿದವರಲ್ಲಿ ಕೆಲವರು ಬೈಯುತ್ತಾರೆ. ಮಧ್ಯೆ ಯಾರೋ ಒಬ್ಬ ಟ್ರಕ್ ಡ್ರೈವರ್ ಗಂಟೆಗಟ್ಟಲೆ ತನ್ನ ತೀರಿಕೊಂಡ ಹೆಂಡತಿಯ ಬಗ್ಗೆ ಹೇಳುತ್ತಾ ಹೋಗುತ್ತಾನೆ. ಅವನಿಗೆ ಪುಸ್ತಕ ಬೇಕಾಗಿರಲಿಲ್ಲ. ನಾವು ಫೋನ್ ಇಡಲೂ ಇಲ್ಲ.

ಆರು ವಾರಕ್ಕೊಮ್ಮೆ 'ಟ್ರಾನ್ಸ್‌ಫರ್' ಬರುತ್ತದೆ. ಯಾರು ಯಾರ ಜೊತೆ ಅಂತ ಹೊಸ ಪಟ್ಟಿ. ಚೌಕದ ಸಿಸ್ಟರ್‌ಗಳನ್ನು ಕೆಲವು ತಿಂಗಳು ಅಮೆರಿಕದ ಬೇರೆ ಊರಿಗೂ ಕಳಿಸುತ್ತಾರೆ, ಮನೆ ಬಾಗಿಲು ತಟ್ಟುವ ಕೆಲಸ ಇರುವುದು ಅಲ್ಲಿ. ಪಿನ್ನಿನ ಹಂಚಿಕೆ ಚೆನ್ನಾಗಿ ಕೂತು ಎರಡು ವಾರ ಆಗಿತ್ತು, ಮಂಗೋಲಿಯಾದವಳಿಗೆ ಕರೆ ಬಂತು. ಅವಳ ಜಾಗಕ್ಕೆ ಬಂದವಳು ಟೋಂಗಾದವಳು. ಬಾಗಿಲಲ್ಲೇ ಬ್ಯಾಗು ಇಟ್ಟು ನನ್ನನ್ನು ತಬ್ಬಿ ಮಾತು ಶುರು ಮಾಡಿದವಳು ರಾತ್ರಿ ಹತ್ತೂವರೆಗೆ ದೀಪ ಆರಿಸಿದ ಮೇಲೂ ನಿಲ್ಲಿಸಲಿಲ್ಲ. ಶುಕ್ರವಾರ ಬರಲಿ ಅಂತ ಕಾದೆ.