ಒಬ್ಬರೇ ಕುಳಿತು ಆ್ಯಪ್ ಕಟ್ಟುವವರು ಯಾರನ್ನು ಫಾಲೋ ಮಾಡಬೇಕು?

ಶಿರಸಿ ಸೀಮೆಯ ಅಡಿಕೆ ಬೆಳೆಗಾರರಿಗಾಗಿ ಚಿಕ್ಕದೊಂದು ಆಂಡ್ರಾಯ್ಡ್ ಆ್ಯಪನ್ನು ನಾನೊಬ್ಬನೇ ಕಟ್ಟಿ, ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟುಗಳಲ್ಲಿ ಯಾವ ಮಾಲನ್ನು, ಎಷ್ಟು ಕ್ವಿಂಟಲ್, ಯಾವ ದಿನ, ಯಾವ ಧಾರಣೆಗೆ ಕೊಟ್ಟೆವು ಎಂದು ಬರೆದಿಟ್ಟುಕೊಳ್ಳುವ ಡೈರಿ ಅದು. ಬೆಂಗಳೂರಿನ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಸಿಕ್ಕಿಬಿದ್ದಾಗ ಪಕ್ಕದ ಕುರ್ಚಿಯವರನ್ನು ಕೇಳುವ ಅನುಕೂಲವಿದೆ. ಊರಲ್ಲಿ ಕುಳಿತವರಿಗೆ ಆ ಪಕ್ಕದ ಕುರ್ಚಿಯವರೆಂದರೆ ಯೂಟ್ಯೂಬಿನಲ್ಲಿ, ಪಾಡ್‌ಕಾಸ್ಟಿನಲ್ಲಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ಬಿನಲ್ಲಿ ತಮಗೆ ತಿಳಿದದ್ದನ್ನು ಹಂಚಿಕೊಳ್ಳುವ ಕ್ರಿಯೇಟರ್‌ಗಳು. ಅವರಿಗೇನೂ ಕೊರತೆಯಿಲ್ಲ; ನೂರಾರು ಜನರಲ್ಲಿ ನಮ್ಮ ಕೆಲಸಕ್ಕೆ ಬರುವ ಐದಾರು ಜನರನ್ನು ಆರಿಸಿಕೊಳ್ಳುವುದೇ ಕಷ್ಟ.

ಹೆಚ್ಚಿನವರು ‘ಅತ್ಯುತ್ತಮ ಆಂಡ್ರಾಯ್ಡ್ ಚಾನೆಲ್‌ಗಳು’ ಎಂದು ಹುಡುಕಿ, ಸಿಕ್ಕವರಿಗೆಲ್ಲ ಸಬ್‌ಸ್ಕ್ರೈಬ್ ಆಗುತ್ತಾರೆ. ನನ್ನ ಪ್ರಕಾರ ಮೊದಲು ಹುಡುಕಬೇಕಾದದ್ದು ಜನರನ್ನಲ್ಲ, ನಮ್ಮ ತೊಡಕನ್ನು. ಕಳೆದ ಒಂದು ತಿಂಗಳಲ್ಲಿ ನಿಮ್ಮ ಕೆಲಸ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ನಿಂತುಹೋದ ಮೂರು ಸಂದರ್ಭಗಳನ್ನು ಕಾಗದದ ಮೇಲೆ ಬರೆಯಿರಿ. ‘ಕೋಟ್ಲಿನ್ (ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆ) ಚೆನ್ನಾಗಿ ಬರುವುದಿಲ್ಲ’ ಎಂದು ಬರೆದರೆ ಉಪಯೋಗವಿಲ್ಲ. ‘ನೆಟ್‌ವರ್ಕ್ ಇಲ್ಲದಾಗ ತುಂಬಿದ ಲೆಕ್ಕ, ನೆಟ್‌ವರ್ಕ್ ಬಂದ ಮೇಲೆ ಎರಡೆರಡು ಸಲ ಸೇರುತ್ತಿದೆ’ ಎಂದು ಬರೆದರೆ ಹುಡುಕಾಟಕ್ಕೆ ಒಂದು ದಿಕ್ಕು ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟೂ ಸಿಗ್ನಲ್ಲೂ ಒಟ್ಟೊಟ್ಟಿಗೆ ಹೋಗುವ ನಮ್ಮ ಘಟ್ಟದ ಊರುಗಳ ಡೆವಲಪರನಿಗೆ, ಮೊಬೈಲಿನೊಳಗೇ ಮಾಹಿತಿಯನ್ನು ಇಟ್ಟುಕೊಳ್ಳುವ ರೂಮ್ ಎಂಬ ಲೈಬ್ರರಿಯನ್ನೂ (ಸಿದ್ಧ ಕೋಡಿನ ಕಟ್ಟು), ಕೆಲಸವನ್ನು ಕಾಯಿಸಿಟ್ಟು ಆಮೇಲೆ ಮಾಡಿಸುವ ವರ್ಕ್‌ಮ್ಯಾನೇಜರನ್ನೂ ಬಿಡಿಸಿ ಹೇಳುವವರು ಬೇಕು. ಕಣ್ಣು ಕೋರೈಸುವ ಆ್ಯನಿಮೇಷನ್ ಕಲಿಸುವವರು ಎಷ್ಟೇ ಪ್ರಸಿದ್ಧರಾಗಿರಲಿ, ಸದ್ಯಕ್ಕೆ ಅವರಿಂದ ನಮಗೆ ಆಗಬೇಕಾದದ್ದೇನೂ ಇಲ್ಲ.

ನನ್ನ ಪಟ್ಟಿಯಲ್ಲಿದ್ದ ಇನ್ನೊಂದು ತೊಡಕನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆ್ಯಪಿನ ಮೊದಲ ಆವೃತ್ತಿಯನ್ನು ನೆರೆಮನೆಯ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕನ್ನಡಕ ಸರಿಪಡಿಸಿಕೊಂಡು, “ತಮಾ, ಬೆಟ್ಟೆಯ ಕಾಲೆಲ್ಲಿ?” ಎಂದು ಕೇಳಿದರು. ನೋಡಿದರೆ ‘ಬೆಟ್ಟೆ’ಯ ಒತ್ತಕ್ಷರದ ಕೆಳಭಾಗವನ್ನು ಯಾರೋ ಕತ್ತಿಯಿಂದ ಸವರಿದಂತಿತ್ತು. ನಾನು ಅನುಸರಿಸಿದ್ದ ವಿಡಿಯೊದಲ್ಲಿ ಪಟ್ಟಿಯ ಪ್ರತಿ ಸಾಲಿಗೂ ಇಂತಿಷ್ಟೇ ಎತ್ತರವೆಂದು ಕಟ್ಟಿಹಾಕಿದ್ದರು. ಇಂಗ್ಲಿಷ್ ಅಕ್ಷರಗಳಿಗೆ ಅದು ಸಾಕು. ಕೆಳಗೆ ಒತ್ತು, ಮೇಲೆ ಗುಡಿಸು ಇರುವ ನಮ್ಮ ಲಿಪಿಗೆ ಸಾಲದು. ‘ಕನ್ನಡ’ ಎಂದು ಹುಡುಕಿದಾಗ ಏನೂ ಸಿಗಲಿಲ್ಲ. ಇಂಥದೇ ಎತ್ತರದ ಸಮಸ್ಯೆಯಿರುವ ಬೇರೆ ಲಿಪಿಗಳ ಹೆಸರನ್ನು, ಅಂದರೆ ಥಾಯ್, ತಮಿಳು, ಮಲಯಾಳಂ ಎಂದು ಕೊಟ್ಟು ಹುಡುಕಿದಾಗ ದಾರಿ ತೆರೆಯಿತು. ಆಂಡ್ರಾಯ್ಡಿನಲ್ಲಿ, ಇಂಥ ಎತ್ತರದ ಲಿಪಿಗಳಿಗೆ ಸಾಲಿನಲ್ಲಿ ಹೆಚ್ಚು ಜಾಗ ಕೊಡುವ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಎಂಬ ಗುಣವೊಂದು ಆವೃತ್ತಿ 5ರಿಂದಲೂ ಇದೆ. ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟುಕೊಂಡ ಆ್ಯಪ್‌ಗಳಲ್ಲಿ ಅದು ತಾನಾಗಿಯೇ ಜಾರಿಯಲ್ಲಿರುತ್ತದೆ ಮತ್ತು ಅದರಿಂದ ಪರಿಣಾಮವಾಗುವ ಲಿಪಿಗಳ ಪಟ್ಟಿಯಲ್ಲಿ ಗೂಗಲ್ ಕನ್ನಡವನ್ನೂ ಹೆಸರಿಸಿದೆ. ಈ ಹುಡುಕಾಟದಿಂದ ನನಗೆ ಉತ್ತರಕ್ಕಿಂತ ಹೆಚ್ಚಿನ ಲಾಭವಾಯಿತು: ನಮ್ಮಂಥದೇ ಲಿಪಿಯಲ್ಲಿ ಏಗುತ್ತಿರುವ ಇಬ್ಬರು ಡೆವಲಪರ್‌ಗಳು ಸಿಕ್ಕರು. ಅವರ ಹಿಂಬಾಲಕರ ಸಂಖ್ಯೆ ಸಾವಿರವನ್ನೂ ದಾಟಿಲ್ಲ.

ತೊಡಕಿನ ಪಟ್ಟಿ ಕೈಯಲ್ಲಿದ್ದರೆ ಎರಡನೆಯ ಹೆಜ್ಜೆ ಸುಲಭ. ಮೊದಲು ಮೂಲದವರನ್ನೇ ನೋಡಬೇಕು. ಆಂಡ್ರಾಯ್ಡ್ ಮತ್ತು ಫ್ಲಟರ್ (ಒಂದೇ ಕೋಡಿನಿಂದ ಆಂಡ್ರಾಯ್ಡಿಗೂ ಐಫೋನಿಗೂ ಆ್ಯಪ್ ಕಟ್ಟುವ ಸಾಧನ) ತಂಡಗಳಿಗೆ ಅವುಗಳದೇ ಯೂಟ್ಯೂಬ್ ಚಾನೆಲ್‌ಗಳಿವೆ. ಆ್ಯಪಲ್ ತನ್ನ ವಾರ್ಷಿಕ ಡೆವಲಪರ್ ಸಮ್ಮೇಳನದ ಉಪನ್ಯಾಸಗಳನ್ನು ಉಚಿತವಾಗಿ ಕೊಡುತ್ತದೆ. ಇವು ಸ್ವಲ್ಪ ಸಪ್ಪೆ, ಆದರೆ ಹಳಸಿರುವುದು ಕಡಿಮೆ. ಆಮೇಲೆ ವ್ಯಕ್ತಿಗಳು. ಐಫೋನಿಗೆ ಬರೆಯುವವರಿಗೆ ಪಾಲ್ ಹಡ್ಸನ್ ಅವರ ನೂರು ದಿನಗಳ ಸ್ವಿಫ್ಟ್‌ಯುಐ ಪಾಠ ಹಣವಿಲ್ಲದೆ ಸಿಗುತ್ತದೆ. ಕೋಟ್ಲಿನ್ ಕಲಿಯುವವರಿಗೆ ಫಿಲಿಪ್ ಲಾಕ್ನರ್, ಫ್ಲಟರ್‌ನವರಿಗೆ ಆಂಡ್ರಿಯಾ ಬಿಜ್ಜೊಟ್ಟೊ ಇದ್ದಾರೆ. ಕೋಡ್ ಕಲಿಸುವವರಷ್ಟೇ ಅಗತ್ಯವಾಗಿ, ಒಂಟಿ ಡೆವಲಪರನ ವ್ಯವಹಾರದ ಬಗ್ಗೆ, ಅಂದರೆ ಬೆಲೆ, ಬಳಕೆದಾರರ ದೂರು, ದಣಿವು ಇತ್ಯಾದಿಗಳ ಬಗ್ಗೆ ಮಾತನಾಡುವ ಒಬ್ಬರಾದರೂ ಪಟ್ಟಿಯಲ್ಲಿರಲಿ. ಓವರ್‌ಕಾಸ್ಟ್ ಆ್ಯಪಿನ ಮಾರ್ಕೊ ಆರ್ಮೆಂಟ್ ಮತ್ತು ವಿಜೆಟ್‌ಸ್ಮಿತ್ ಆ್ಯಪಿನ ಡೇವಿಡ್ ಸ್ಮಿತ್ ನಡೆಸುವ ‘ಅಂಡರ್ ದ ರೇಡಾರ್’ ಪಾಡ್‌ಕಾಸ್ಟನ್ನು ನಾನು ಈ ಕಾರಣಕ್ಕೇ ಕೇಳುತ್ತೇನೆ. 30 ನಿಮಿಷ ಮೀರುವುದಿಲ್ಲ ಎಂಬುದು ಅವರದೇ ನಿಯಮ. ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಕುಮಟೆಯ ಬಸ್ಸು ಹತ್ತಿದರೆ ದೇವಿಮನೆ ಘಟ್ಟ ಇಳಿಯುವುದರೊಳಗೆ ಒಂದು ಕಂತು ಆರಾಮಾಗಿ ಮುಗಿಯುತ್ತದೆ.

ಈ ಹೆಸರುಗಳನ್ನು ಶುರುವಿಗೆ ಮಾತ್ರ ಕೊಟ್ಟಿದ್ದೇನೆ. ನಿಜವಾದ ಫಲ ಇರುವುದು ನೀವು ದಿನವೂ ಬಳಸುವ ಲೈಬ್ರರಿಗಳಲ್ಲಿ. ಗಿಟ್‌ಹಬ್ಬಿನಲ್ಲಿ ಆ ಲೈಬ್ರರಿಯ ಪುಟ ತೆರೆದು, ಜನರು ದಾಖಲಿಸಿದ ದೋಷಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಿರುವವರು ಯಾರು, ಯಾರ ಉತ್ತರದ ಕೆಳಗೆ ‘ಸರಿಯಾಯಿತು’ ಎಂದು ಕೇಳಿದವರೇ ಬರೆದಿದ್ದಾರೆ ಎಂಬುದನ್ನು ಗಮನಿಸಿ. ಅವರಲ್ಲಿ ಕೆಲವರಾದರೂ ಬೇರೆಡೆಯೂ ಬರೆಯುತ್ತಿರುತ್ತಾರೆ.

ಮೂರನೆಯದು ತಾರೀಖಿನ ಪರೀಕ್ಷೆ. ಆ್ಯಪ್ ವಿದ್ಯೆಯಲ್ಲಿ ಎರಡು ವರ್ಷದ ಹಿಂದಿನ ಸತ್ಯ ಇಂದು ಸುಳ್ಳಾಗಿರಬಹುದು. ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಹಳೆಯ ವಿಧಾನವಾದ ಅಸಿಂಕ್‌ಟಾಸ್ಕನ್ನು 2020ರ ಆಂಡ್ರಾಯ್ಡ್ 11ರಲ್ಲೇ ಕೈಬಿಡಬೇಕಾದ ಪಟ್ಟಿಗೆ ಸೇರಿಸಿದ್ದರೂ ಅದನ್ನು ಕಲಿಸುವ ವಿಡಿಯೊಗಳು ಇನ್ನೂ ಹುಡುಕಾಟದಲ್ಲಿ ಬರುತ್ತವೆ. ಪ್ಲೇ ಸ್ಟೋರಿನ ನಿಯಮವೂ ಹಾಗೆಯೇ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯವರು ಆ್ಯಪನ್ನು ಬಿಡುಗಡೆ ಮಾಡುವ ಮೊದಲು 20 ಜನರಿಂದ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂತು. ಆ ಸಂಖ್ಯೆ 2024ರ ಕೊನೆಯಲ್ಲಿ 12ಕ್ಕೆ ಇಳಿಯಿತು. ನಡುವಿನ ಆ ಒಂದು ವರ್ಷದ ವಿಡಿಯೊ ನೋಡಿದವರು ಇಂದಿಗೂ 20 ಜನರನ್ನು ಹೊಂದಿಸಲು ಪರದಾಡುತ್ತಾರೆ. ಆದ್ದರಿಂದ ಒಬ್ಬರನ್ನು ಅಳೆಯುವಾಗ ಅವರ ಹಳೆಯ ವಿಡಿಯೊ ತೆರೆದು, ತಪ್ಪಾಗಿರುವುದನ್ನು ಕೆಳಗೆ ತಿದ್ದಿ ಬರೆದಿದ್ದಾರೆಯೇ ನೋಡಿ. ಹೊಸದನ್ನು ಹೇಳುವವರು ಬಹಳ. ತಮ್ಮ ಹಳೆಯ ಮಾತನ್ನು ತಿದ್ದುವವರು ವಿರಳ, ಮತ್ತು ನಂಬಿಕೆಗೆ ಯೋಗ್ಯರು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕಾಗುವಂತೆ, ಒಬ್ಬ ಕ್ರಿಯೇಟರನ್ನು ಅರಿಯಲು ಒಂದು ಸಂಜೆ ಸಾಕು. ಅವರ ಒಂದು ಪಾಠವನ್ನು ಆರಿಸಿ, ಅವರ ಕೋಡನ್ನು ನಕಲು ಮಾಡದೆ ಕೈಯಾರೆ ಬರೆದು, ನಿಮ್ಮ ಆ್ಯಪಿನಲ್ಲೇ ಓಡಿಸಿ ನೋಡಿ. ಎಲ್ಲಿ ಮುರಿಯುತ್ತದೆ ಎಂಬುದನ್ನು ಅವರು ಮೊದಲೇ ಹೇಳಿದ್ದರೆ ಅಂಥವರನ್ನು ಉಳಿಸಿಕೊಳ್ಳಿ. ಎಲ್ಲವೂ ಮೊದಲ ಸಲಕ್ಕೇ ಸಲೀಸಾಗಿ ಆಗುವಂತೆ ತೋರಿಸುವವರು ತಮ್ಮ ತಪ್ಪುಗಳನ್ನು ಕತ್ತರಿಸಿ ತೆಗೆದಿರುತ್ತಾರೆ. ನಮಗೆ ಬೇಕಾದದ್ದು ಆ ಕತ್ತರಿಸಿದ ಭಾಗವೇ. ಸ್ಟೋರಿನಲ್ಲಿ ಅವರದೇ ಹೆಸರಿನ ಆ್ಯಪ್ ಇದೆಯೇ, ಅದು ಕೊನೆಯ ಬಾರಿ ಅಪ್‌ಡೇಟ್ ಆದದ್ದು ಯಾವಾಗ ಎಂಬುದನ್ನೂ ಇದೇ ಸಂಜೆ ನೋಡಿಬಿಡಬಹುದು.

ಇನ್ನು ಹಣದ ವಿಷಯ, ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನಾನು ಬಹಳ ಮೆಚ್ಚಿದ್ದ ಒಬ್ಬರು ಹೊಗಳಿದ ಸರ್ವರ್ ಸೇವೆಯೊಂದಕ್ಕೆ ಇಡೀ ವರ್ಷದ ಚಂದಾ ಕಟ್ಟಿದೆ. ಆ ಹೊಗಳಿಕೆಗೆ ಕಂಪನಿಯೇ ದುಡ್ಡು ಕೊಟ್ಟಿತ್ತೆಂಬುದು ವಿಡಿಯೊದ ಆರಂಭದಲ್ಲಿ ಮೂಲೆಯಲ್ಲೊಂದು ಕ್ಷಣ ಮೂಡಿ ಮರೆಯಾಗುವ ಪ್ರಾಯೋಜಕತ್ವದ ಸೂಚನೆಯಲ್ಲಿ ಇತ್ತು, ನಾನು ನೋಡಿರಲಿಲ್ಲ. ನಮ್ಮ ಡೈರಿ ಆ್ಯಪಿಗೆ ಆ ಸೇವೆಯ ಅಗತ್ಯವೇ ಇರಲಿಲ್ಲ. ಹಣ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಪ್ರಾಯೋಜಕತ್ವ ಪಡೆಯುವುದು ತಪ್ಪಲ್ಲ, ಅವರೂ ಬದುಕಬೇಕು. ಆದರೆ ಕೋಡಿಗಿಂತ ತಮ್ಮ ತಿಂಗಳ ಆದಾಯದ ಚಿತ್ರಗಳನ್ನೇ ಹೆಚ್ಚು ತೋರಿಸುತ್ತ, ಕೊನೆಗೆ ಒಂದು ಕೋರ್ಸ್ ಮಾರುವವರ ಆದಾಯ ಆ್ಯಪಿನಿಂದಲೇ ಬಂತೋ ಕೋರ್ಸಿನಿಂದ ಬಂತೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹೀಗೆ ಜರಡಿ ಹಿಡಿದ ಮೇಲೆ ಉಳಿದವರು ಏಳೆಂಟು ಜನರನ್ನು ಮೀರದಿರಲಿ. ಅವರನ್ನು ಯೂಟ್ಯೂಬಿನ ಮುಖಪುಟಕ್ಕೆ ಒಪ್ಪಿಸಿದರೆ ಅದು ತನಗೆ ಬೇಕಾದದ್ದನ್ನು ತೋರಿಸುತ್ತದೆ. ಆರ್‌ಎಸ್‌ಎಸ್ ಫೀಡ್ (ಒಂದು ತಾಣದ ಹೊಸ ಪ್ರಕಟಣೆಗಳ ಪಟ್ಟಿ) ಓದುವ ಯಾವುದಾದರೂ ಆ್ಯಪಿನಲ್ಲಿ ಹಾಕಿಕೊಂಡರೆ, ಅವರು ಹೊಸದಾಗಿ ಪ್ರಕಟಿಸಿದ್ದಷ್ಟೇ ದಿನಾಂಕದ ಕ್ರಮದಲ್ಲಿ ಬರುತ್ತದೆ; ಯೂಟ್ಯೂಬ್ ಚಾನೆಲ್‌ಗಳಿಗೂ ಇಂಥ ಫೀಡ್ ಇದೆ. ನಾನು ಭಾನುವಾರ ಬೆಳಗ್ಗೆ ಒಂದು ತಾಸು ಮಾತ್ರ ಅದನ್ನು ತೆರೆಯುತ್ತೇನೆ. ತೊಡಕಿನ ಕಾಗದವನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆದು, ಅದಕ್ಕೆ ಹೊಂದದವರನ್ನು ಮುಲಾಜಿಲ್ಲದೆ ತೆಗೆದುಹಾಕುತ್ತೇನೆ.

ಕೊನೆಯದಾಗಿ, ಅವರನ್ನು ಮಾತನಾಡಿಸುವ ಬಗೆ. ‘ಸರ್, ನನ್ನ ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಏನಾಗಬೇಕಿತ್ತು, ಏನಾಯಿತು, ತೊಂದರೆಯನ್ನು ತೋರಿಸುವಷ್ಟೇ ಹತ್ತಿಪ್ಪತ್ತು ಸಾಲಿನ ಕೋಡ್, ಇವಿಷ್ಟನ್ನು ಕೊಟ್ಟು ಕೇಳಬೇಕು. ಕಾಲು ಮುರಿದ ‘ಬೆಟ್ಟೆ’ಯ ಚಿತ್ರವನ್ನು ಕನ್ನಡ ಬಾರದ, ಮಲಯಾಳಂ ಆ್ಯಪ್ ಮಾಡುವ ಒಬ್ಬರಿಗೆ ಹೀಗೆ ಕಳಿಸಿದ್ದೆ. ಇರಬೇಕಾದ ಅಕ್ಷರ ಮತ್ತು ಕಾಣುತ್ತಿರುವ ಅಕ್ಷರವನ್ನು ಪಕ್ಕಪಕ್ಕ ಇಟ್ಟು, ಕತ್ತರಿಸಿದ ಜಾಗಕ್ಕೆ ಕೆಂಪು ಗೆರೆ ಎಳೆದಿದ್ದೆ. ಮರುದಿನ ಎರಡು ಸಾಲಿನ ಉತ್ತರ ಬಂತು: ಸಾಲಿನ ಎತ್ತರ ಕಟ್ಟಿದ್ದನ್ನು ತೆಗೆಯಿರಿ, ಪರೀಕ್ಷೆಗೆ ‘ಕ್ಷ್ಮಿ’ಯಂಥ ಅಕ್ಷರ ಬಳಸಿ. ಅಂದಿನಿಂದ ನನ್ನ ಪರೀಕ್ಷೆಯ ಖಾತೆದಾರರೆಲ್ಲರ ಹೆಸರೂ ಲಕ್ಷ್ಮಿ.