ಬ್ಯಾಟರಿ ಮರುಜೋಡಿಸಿದ ಮೇಲೆ ಕಾರಿನ ಅಲಾರಂ ನಿಲ್ಲಿಸುವ ಕ್ರಮ

ರಾಯಚೂರಿನ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಇಲ್ಲಿ ಕಾರಿನ ಬ್ಯಾಟರಿಗಳು ಬೇಗ ಸೋಲುತ್ತವೆ. ಹೊಸದನ್ನು ಜೋಡಿಸಿದ ಕ್ಷಣವೇ ಅಲಾರಂ ಕೂಗತೊಡಗಿದರೆ ಗಾಬರಿಯಾಗಬೇಕಿಲ್ಲ. ವಿದ್ಯುತ್ ಕಡಿತವನ್ನು ಕಳ್ಳತನದ ಯತ್ನವೆಂದು ಭಾವಿಸುವಂತೆಯೇ ಅನೇಕ ಅಲಾರಂಗಳನ್ನು ರೂಪಿಸಲಾಗಿದೆ.

ಕೆಲಸಕ್ಕೆ ಮೊದಲು ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಿ, ಏಕೆಂದರೆ ವಿದ್ಯುತ್ ಮರಳಿದೊಡನೆ ಕೆಲವು ಕಾರುಗಳ ಬಾಗಿಲುಗಳು ತಾವಾಗಿಯೇ ಲಾಕ್ ಆಗುತ್ತವೆ. ಮೊದಲು ಪಾಸಿಟಿವ್, ಅನಂತರ ನೆಗೆಟಿವ್ ತಂತಿಯನ್ನು ಬಿಗಿಗೊಳಿಸಿ, ರಿಮೋಟಿನ ಅನ್‌ಲಾಕ್ ಗುಂಡಿಯನ್ನು ಒತ್ತಿ. ಅದಕ್ಕೂ ಜಗ್ಗದಿದ್ದರೆ ಚಾಲಕನ ಬಾಗಿಲನ್ನು ಕೀಲಿಯಿಂದಲೇ ತೆರೆದು ಇಗ್ನಿಷನ್ ಆನ್ ಮಾಡಬೇಕು. ಕೀಲಿಯೊಳಗಿನ ಚಿಪ್ಪನ್ನು ಕಾರು ಗುರುತಿಸಿದರೆ ಸಾಮಾನ್ಯವಾಗಿ ಸದ್ದು ನಿಲ್ಲುತ್ತದೆ. ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಅಲಾರಂಗಳಲ್ಲಿ ಹಲವಕ್ಕೆ ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿಸಿಟ್ಟ ಸಣ್ಣ ಸ್ವಿಚ್ಚೊಂದಿರುತ್ತದೆ. ಅದನ್ನು ಕೈಪಿಡಿಯಲ್ಲಿ ಹೇಳಿದಂತೆ ಒತ್ತಬೇಕು. ಅದರ ಜಾಗವನ್ನು ಹಾಕಿಸುವಾಗಲೇ ಕೇಳಿಟ್ಟುಕೊಳ್ಳುವುದು ಜಾಣತನ, ನಡುರಾತ್ರಿ ಓಣಿಯವರೆಲ್ಲ ಎದ್ದ ಮೇಲೆ ಹುಡುಕುವುದು ಕಷ್ಟ.

ನಿಂತ ಅಲಾರಂ ಮತ್ತೆ ಮತ್ತೆ ಮೊಳಗಿದರೆ ಟರ್ಮಿನಲ್ ಸಡಿಲವಾಗಿದೆಯೇ, ಬಾನೆಟ್ ತೆರೆದಿದೆಯೇ ಎಂದು ಅಲಾರಂಗೆ ತಿಳಿಸುವ ಸ್ವಿಚ್ಚಿನಲ್ಲಿ ಧೂಳು ಕೂತಿದೆಯೇ ಎಂಬುದನ್ನು ನೋಡಿ. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟ ಮೇಲೆ ಬ್ಯಾಟರಿಗೆ ಹಿಡಿದ ಮಲ್ಟಿಮೀಟರ್ (ವೋಲ್ಟ್ ಅಳೆಯುವ ಉಪಕರಣ) ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ.