ಬಿದರಿ ಅಂಗಡಿಯ ವೆಬ್‌ಸೈಟನ್ನು ಗಿಟ್‌ಹಬ್ ಎಪಿಐಗೆ ಜೋಡಿಸಿದ್ದು: ನನ್ನ ಅನುಭವ

ಬೀದರಿನಲ್ಲಿ ಬಿದರಿ ಕೆಲಸ (ಕಪ್ಪು ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ಕೆಲಸ) ಮಾಡುವ ಒಂದು ಕುಟುಂಬಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಪಠ್ಯದ ಫೈಲುಗಳಿಂದ ಪುಟಗಳನ್ನು ಕಟ್ಟಿಕೊಡುವ ಹ್ಯೂಗೋದಲ್ಲಿ ಮಾಡಿದ ಸೈಟ್, ಫೈಲುಗಳೆಲ್ಲ ಗಿಟ್‌ಹಬ್‌ನಲ್ಲಿ, ಅಂದರೆ ಫೈಲುಗಳನ್ನೂ ಅವುಗಳ ಪ್ರತಿ ಬದಲಾವಣೆಯನ್ನೂ ಇಟ್ಟುಕೊಳ್ಳುವ ತಾಣದಲ್ಲಿ. ಡೇಟಾಬೇಸ್ ಇಲ್ಲ. ಆದರೆ ಒಂದು ಹೂದಾನಿಯ ಬೆಲೆ ಬದಲಿಸಬೇಕಾದರೂ ಅವರು ನನಗೆ ವಾಟ್ಸಾಪ್ ಮಾಡಬೇಕು, ನಾನು ರಾತ್ರಿ ಲ್ಯಾಪ್‌ಟಾಪ್ ತೆಗೆದು ಫೈಲ್ ತಿದ್ದಬೇಕು. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಲ್ಲಿ ಇಡೀ ಪಾತ್ರೆ ಕಪ್ಪಾಗುತ್ತದೆ ಅಂತ ನಾನು ಬರೆದಿದ್ದೆ. ತಪ್ಪು. ಕಪ್ಪಾಗುವುದು ಸತು, ತಾಮ್ರ ಬೆರೆತ ಮೈ ಮಾತ್ರ, ಬೆಳ್ಳಿ ಹಾಗೇ ಹೊಳೆಯುತ್ತದೆ. ಕೆಲಸ ಗೊತ್ತಿರೋರ ಕೈಯಲ್ಲೇ ತಿದ್ದುವ ಗುಂಡಿ ಇರಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಮೊಬೈಲಲ್ಲಿ ತೆರೆಯುವ ಒಂದು ಸಣ್ಣ ಫಾರ್ಮ್ ಮಾಡಿದೆ. ಹೆಸರು, ಬೆಲೆ, ವಿವರಣೆ, ಕೆಳಗೆ 'ಉಳಿಸಿ'. ಹಿಂದೆ ನಡೆಯುವುದು ಇಷ್ಟೇ: ಗಿಟ್‌ಹಬ್‌ನ ಎಪಿಐಗೆ (ಬೇರೆ ಪ್ರೋಗ್ರಾಮುಗಳು ಅದರ ಜೊತೆ ಮಾತಾಡುವ ದಾರಿ) ಗೆಟ್ ಕೋರಿಕೆ, ಅಂದರೆ 'ಕೊಡು' ಅನ್ನೋ ಕೋರಿಕೆ ಕಳಿಸಿದರೆ ಫೈಲಿನ ಪಠ್ಯ ಬೇಸ್64 ರೂಪದಲ್ಲಿ (ಬೈಟುಗಳನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ವಿಧಾನ) ಬರುತ್ತದೆ, ಜೊತೆಗೆ ಫೈಲಿನ ಈಗಿನ ಆವೃತ್ತಿಯನ್ನು ಹೇಳುವ ಎಸ್‌ಎಚ್‌ಎ ಅನ್ನೋ ಗುರುತು. ತಿದ್ದಿದ ಪಠ್ಯವನ್ನು ಮತ್ತೆ ಬೇಸ್64 ಮಾಡಿ, ಹಳೆಯ ಎಸ್‌ಎಚ್‌ಎ ಮತ್ತು ಏನು ಬದಲಿಸಿದೆ ಅಂತ ಹೇಳುವ ಒಂದು ಕಮಿಟ್ ಸಂದೇಶ ಸೇರಿಸಿ ಪುಟ್ ಮಾಡಬೇಕು, ಅಂದರೆ 'ಇದನ್ನು ಇಡು' ಅಂತ ವಾಪಸ್ ಕಳಿಸಬೇಕು. ಹೊಸ ಫೈಲಾದರೆ ಎಸ್‌ಎಚ್‌ಎ ಬೇಡ.

ಇಂಗ್ಲಿಷಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿ ಇತ್ತು. 'ಬಿದರಿ' ಅಂತ ಬರೆದ ಕೂಡಲೇ ನಿಂತುಹೋಯಿತು. ಬೇಸ್64 ಮಾಡಿಕೊಡುವ ಬ್ರೌಸರಿನ ಬಿಟಿಓಎ ಫಂಕ್ಷನ್ನಿಗೆ ಲ್ಯಾಟಿನ್1 ಅಕ್ಷರಗಳು (ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಭಾಷೆಗಳವು) ಮಾತ್ರ ಆಗುತ್ತವೆ, ಕನ್ನಡ ಕೊಟ್ಟರೆ ಎರರ್. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಪದ್ಧತಿ) 3 ಬೈಟ್ ಹಿಡಿಯುತ್ತದೆ. 'ಬಿದರಿ'ಯಲ್ಲಿ ಗುಣಿತದ ಗುರುತೂ ಸೇರಿ 5 ಸಂಕೇತ, ಅಂದರೆ 15 ಬೈಟ್. ಮೊದಲು ಬ್ರೌಸರಿನಲ್ಲೇ ಇರುವ ಟೆಕ್ಸ್ಟ್‌ಎನ್‌ಕೋಡರ್‌ನಿಂದ ಬೈಟ್ ಮಾಡಿಕೊಂಡು ಆಮೇಲೆ ಬೇಸ್64 ಮಾಡಬೇಕು. ಓದುವಾಗ ಇದೇ ದಾರಿ ಹಿಂದುಮುಂದು. ಅದನ್ನು ಮರೆತರೆ ಫಾರ್ಮಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಬರುತ್ತವೆ, ಅದನ್ನೇ ಯಾರಾದರೂ ಉಳಿಸಿದರೆ ಪುಟ ಕೆಟ್ಟಿತು ಅಂತಲೇ ಲೆಕ್ಕ.

ಎಪಿಐ ಬಳಸಲು ಗಿಟ್‌ಹಬ್ ಕೊಡುವ ಗುಟ್ಟಿನ ಕೀಲಿ, ಅಂದರೆ ಟೋಕನ್ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಪುಟದ ಜಾವಾಸ್ಕ್ರಿಪ್ಟಲ್ಲಿ ಇಟ್ಟರೆ ಯಾರು ಬೇಕಾದರೂ ನೋಡಬಹುದು, ಅಲ್ವಾ? ನಾನು ಮಧ್ಯೆ ಒಂದು ಕ್ಲೌಡ್‌ಫ್ಲೇರ್ ವರ್ಕರ್ (ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರಲ್ಲಿ ಓಡುವ ಸಣ್ಣ ಪ್ರೋಗ್ರಾಮು) ಇಟ್ಟು, ಟೋಕನನ್ನು ಅಲ್ಲಿ ಗುಟ್ಟಾಗಿ ಇಟ್ಟೆ. ಫಾರ್ಮ್ ಮಾತಾಡುವುದು ವರ್ಕರ್ ಜೊತೆ, ಅದೂ ಲಾಗಿನ್ ಆದಮೇಲೆ. ಟೋಕನ್ ಕೂಡ ಅನುಮತಿಯನ್ನು ಬೇಕಾದಷ್ಟಕ್ಕೇ ಸೀಮಿತ ಮಾಡಬಹುದಾದ ಫೈನ್-ಗ್ರೇನ್ಡ್ ಬಗೆಯದು: ಆ ಒಂದೇ ರೆಪೊ (ಸೈಟಿನ ಫೈಲುಗಳಿರುವ ಜಾಗ), ನಾನು ಕೊಟ್ಟದ್ದು ಕಂಟೆಂಟ್ಸ್, ಅಂದರೆ ಫೈಲುಗಳನ್ನು ಓದುವ ಬರೆಯುವ ಅನುಮತಿ ಮಾತ್ರ. ಅವಧಿ ಮುಗಿಯುವ ದಿನ ನನ್ನ ಕ್ಯಾಲೆಂಡರಲ್ಲಿದೆ.

ಒಂದು ಸಲ ಆ ಕುಟುಂಬದ ಅಣ್ಣ ಅಂಗಡಿಯಲ್ಲಿ, ತಮ್ಮ ಕಾರ್ಖಾನೆಯಲ್ಲಿ ಕೂತು ಒಂದೇ ಪುಟ ತಿದ್ದುತ್ತಿದ್ದರು. ತಮ್ಮನಿಗೆ 409 ಅನ್ನೋ ಎರರ್ ('ಘರ್ಷಣೆ' ಅಂತ ಅರ್ಥ) ಬಂತು, ಯಾಕೆಂದರೆ ಅವನ ಹತ್ತಿರ ಇದ್ದ ಎಸ್‌ಎಚ್‌ಎ ಅಷ್ಟರಲ್ಲಿ ಹಳೆಯದಾಗಿತ್ತು. ಹೊಸ ಎಸ್‌ಎಚ್‌ಎ ತಂದು ಸುಮ್ನೆ ಮತ್ತೆ ಕಳಿಸಿಬಿಡಬಹುದಿತ್ತು, ಆದರೆ ಹಾಗೆ ಮಾಡಿದರೆ ಅಣ್ಣ ಬರೆದದ್ದು ಪುಟದಿಂದ ಹೋಗುತ್ತದೆ. ಈಗ ಎರಡೂ ಪಠ್ಯ ಮೇಲೆ ಕೆಳಗೆ ಕಾಣುತ್ತವೆ, ಯಾವುದು ಇರಬೇಕು ಅಂತ ಅವರೇ ಆರಿಸುತ್ತಾರೆ.

ಫಾರ್ಮ್ ಕೊಟ್ಟ ದಿನ ಅಣ್ಣ ಮೊದಲು ಬೆಲೆ ಮುಟ್ಟಲಿಲ್ಲ. ಕಪ್ಪಾಗುವ ಸಾಲನ್ನು ಹುಡುಕಿ, 'ಇಡೀ ಪಾತ್ರೆ' ಅಳಿಸಿ, 'ಬೆಳ್ಳಿ ಬಿಟ್ಟು ಉಳಿದ ಮೈ' ಅಂತ ಬರೆದು ಉಳಿಸಿದರು.